ವಸಾಹತು ಕಾಲದ ಪೇಟೆಂಟ್ ಸೂಚಿ: ದಿನಾಂಕದ ಕಾಲಂ ಬಿಚ್ಚಿ ಮತ್ತೆ ಹೊಲಿದದ್ದು

ಸೂಚಿಯ ಮೊದಲ ಸಾಲೇ ಕೈಕೊಟ್ಟಿತು. ಕಲ್ಕತ್ತದ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಪಂಕಾ ಎಳೆಯುವ ಯಂತ್ರಕ್ಕೆ ಅರ್ಜಿ ಹಾಕಿದ್ದು 1856ರ ಮಾರ್ಚ್ 3ಕ್ಕೆ. ನಕ್ಷೆ ಸಮೇತ ಸ್ಪೆಸಿಫಿಕೇಶನ್ (ಆವಿಷ್ಕಾರದ ಪೂರ್ಣ ವಿವರಣೆಯ ಪತ್ರ) ಕೊಟ್ಟದ್ದು ಸೆಪ್ಟೆಂಬರ್ 2ಕ್ಕೆ. ಸೂಚಿಯಲ್ಲಿ ಇದ್ದದ್ದು ಒಂದೇ ದಿನಾಂಕದ ಕಾಲಂ.

ಈಗ ಎರಡು ಮಾಡಿದೆ. 1859ರ 15ನೇ ಕಾಯ್ದೆಯಲ್ಲಿ ಹಕ್ಕಿನ ಅವಧಿಯಾದ 14 ವರ್ಷ ಎಣಿಸುವುದು ಸ್ಪೆಸಿಫಿಕೇಶನ್ ಸಲ್ಲಿಸಿದ ದಿನದಿಂದ. 1911ರ 2ನೇ ಕಾಯ್ದೆಯಲ್ಲಿ ಅರ್ಜಿಯ ದಿನದಿಂದ. ಒಂದೇ ಫಾರ್ಮುಲಾ ಎಳೆದರೆ ಆರು ತಿಂಗಳ ತಪ್ಪು ಸುಲಭವಾಗಿ ನುಸುಳುತ್ತದೆ.

ಫಾರ್ಮುಲಾದ್ದೇ ಇನ್ನೊಂದು ಕಾಟ. ಎಕ್ಸೆಲ್‌ಗೆ 1900ಕ್ಕಿಂತ ಹಿಂದೆ ಕಾಲವೇ ಇಲ್ಲ! 1856ರ ದಿನಾಂಕ ಬರೆದರೆ ಅದನ್ನು ಬರೀ ಅಕ್ಷರವೆಂದು ಹಿಡಿದು, ಕೂಡಿಸುವಾಗ ದೋಷ ತೋರಿಸುತ್ತದೆ. ಫೈಲನ್ನು ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಇನ್ನೊಂದು ಸ್ಪ್ರೆಡ್‌ಶೀಟ್ ತಂತ್ರಾಂಶಕ್ಕೆ ಸಾಗಿಸಿ, ವರ್ಷ-ತಿಂಗಳು-ದಿನ ಬೇರೆ ಬೇರೆ ಕಾಲಂನಲ್ಲಿಟ್ಟು ಆಮೇಲೆ ಜೋಡಿಸಿದರೆ ಸರಿಹೋಗುತ್ತದೆ. ಅವಧಿ ತಿಂಗಳಲ್ಲಿ: 168. 1930ರ ತಿದ್ದುಪಡಿ 16 ವರ್ಷ ಮಾಡಿದ್ದರಿಂದ ಆಮೇಲಿನ ಪೇಟೆಂಟುಗಳಿಗೆ 192.

ಡಿಪೆನಿಂಗ್ ಸಾಲಿಗೆ ಮಾತ್ರ ಮುಕ್ತಾಯದ ದಿನ ಖಾಲಿ ಬಿಟ್ಟಿದೆ. ಫಾರ್ಮುಲಾ 1870 ಅನ್ನುತ್ತದೆ, ಆದರೆ ಅವನು ಅರ್ಜಿ ಹಾಕಿದ 1856ರ 6ನೇ ಕಾಯ್ದೆಯನ್ನು 1857ರ 9ನೇ ಕಾಯ್ದೆ ರದ್ದು ಮಾಡಿತು. ಬ್ರಿಟಿಷ್ ರಾಣಿಯ ಒಪ್ಪಿಗೆಯಿಲ್ಲದೆ ಜಾರಿ ಮಾಡಿದ್ದೇ ಅದರ ದೋಷ. ಹಕ್ಕು ಕೊಡುವ ಕಾಯ್ದೆಗೇ ಹಕ್ಕು ಸಾಲದೆ ಹೋಯಿತು. ಷರಾ ಕಾಲಂನಲ್ಲಿ ಇಷ್ಟು ಬರೆದರೆ ಸಾಕು, ಲೆಕ್ಕ ಹಾಕಿದ ದಿನಾಂಕ ಬೇಡ.

'ಪೇಟೆಂಟ್' ಎಂಬ ಶೀರ್ಷಿಕೆಯನ್ನೂ 1911ರ ಹಿಂದಿನ ಸಾಲುಗಳಿಂದ ತೆಗೆದಾಯಿತು. ಆಗ ಸಿಗುತ್ತಿದ್ದದ್ದು 'ಏಕಮಾತ್ರ ಹಕ್ಕು'. ಅರ್ಜಿ ಹೋಗುತ್ತಿದ್ದದ್ದು ಗವರ್ನರ್ ಜನರಲ್ ಇನ್ ಕೌನ್ಸಿಲ್‌ಗೆ. ಪೇಟೆಂಟ್ ಆಡಳಿತ ಕಂಟ್ರೋಲರ್ ಕೈಗೆ ಬಂದದ್ದು 1911ರ ಕಾಯ್ದೆಯಿಂದ. ಹಾಗಾಗಿ 'ಯಾರ ಮುಂದೆ' ಎಂಬ ಕಾಲಂ ಸೇರಿತು. ತಾತ್ಕಾಲಿಕ ಸ್ಪೆಸಿಫಿಕೇಶನ್ (ಪೂರ್ಣ ವಿವರಣೆಗೆ ಮುಂಚೆ ಕೊಡುವ ಮೊದಲ ವಿವರಣೆ) ಕಾಲಂ 1945ರ ತನಕ ಖಾಲಿಯೇ ಇರಬೇಕು, ಆ ಅವಕಾಶ ಬಂದದ್ದೇ ಆ ವರ್ಷದ ತಿದ್ದುಪಡಿಯಿಂದ. ಅದಕ್ಕೂ ಹಿಂದೆ ತುಂಬಿದ್ದು ಕಂಡರೆ ಟೈಪಿಂಗ್ ತಪ್ಪೆಂದು ಹಿಡಿಯಿರಿ.

ಬಾಕಿ: ವ್ಯಾಪ್ತಿ ಕಾಲಂ. 1911ರ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ. ಬಳ್ಳಾರಿ, ಮಂಗಳೂರು, ಧಾರವಾಡ ಅದರೊಳಗೆ. ಮೈಸೂರು ಸಂಸ್ಥಾನ ಹೊರಗೆ. ಈಗಿನ ಜಿಲ್ಲೆಗಳ ಪಟ್ಟಿ ಬಳಸಿ 'ಕರ್ನಾಟಕ' ಎಂದು ತುಂಬಿದ ಸಾಲುಗಳನ್ನೆಲ್ಲ ಮತ್ತೆ ನೋಡಬೇಕು.