ಗಡ್ಡೆ ಕೊನೆಗೂ ಕದಲಿತು: ಸುತ್ತಳತೆಯ ಲೆಕ್ಕದ ಕಾಟ

ಗಡ್ಡೆ ಹರಿಯಿತು! ಕಂಪ್ಯೂಟರ್ ಮಾದರಿಯಾಗಿ ನಾನು ಕಟ್ಟಿದ, ಪರದೆಯ ಮೇಲಿನ ಕ್ಯಾನ್ಸರ್ ಗಡ್ಡೆ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಸಂಭ್ರಮ ವಿಚಿತ್ರವೆನಿಸೀತು. ಪ್ರತಿ ಕೋಶವನ್ನೂ ಪಿಕ್ಸೆಲ್‌ಗಳ ಗುಂಪಾಗಿ ತೋರಿಸುವ ಪಾಟ್ಸ್ ಮಾದರಿಯ ಗ್ರಿಡ್ ಕಟ್ಟುವುದು, ಕೋಶಗಳಿಗೆ ವಿಸ್ತೀರ್ಣದ ಮಿತಿ ಹಾಕುವುದು ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಕಾಟ ಕೊಟ್ಟದ್ದು ಒಂದೇ ಸಂಖ್ಯೆ. ಕೋಶಗಳ ನಡುವಿನ ಅಂಟು ಸಡಿಲವಾದರೆ ಸಾಕು, ಕ್ಯಾನ್ಸರ್ ಹೊರಗೆ ಹಬ್ಬುತ್ತದೆ ಎಂಬುದು ಹಳೆಯ ಲೆಕ್ಕ. ಒತ್ತೊತ್ತಾಗಿ ತುಂಬಿದ ಅಂಗಾಂಶದಲ್ಲಿ ಆಕಾರದ ಮಾತೂ ನಡೆಯುತ್ತದೆ. ಕೋಶದ ಸುತ್ತಳತೆಯನ್ನು ವಿಸ್ತೀರ್ಣದ ವರ್ಗಮೂಲದಿಂದ ಭಾಗಿಸಿದಾಗ ಸುಮಾರು 3.81ಕ್ಕಿಂತ ಕಡಿಮೆ ಬಂದರೆ ಕೋಶಗಳು ಸಿಕ್ಕಿಹಾಕಿಕೊಂಡು ಘನವಾಗಿ ನಿಲ್ಲುತ್ತವೆ. ಹೆಚ್ಚಾದರೆ ಒಂದನ್ನೊಂದು ದಾಟಿ ಹರಿಯುತ್ತವೆ. ತಮಾಷೆಯೆಂದರೆ, ಈ ಲೆಕ್ಕದಲ್ಲಿ ಅಂಟು ಹೆಚ್ಚಿದರೆ ಕೋಶದ ಗಡಿ ಉದ್ದವಾಗಿ ಹರಿವೇ ಹೆಚ್ಚುತ್ತದೆ.

ನನ್ನ ಪ್ರೋಗ್ರಾಂ ಪ್ರತಿ ಕೋಶಕ್ಕೂ 4.6ರ ಆಸುಪಾಸು ತೋರಿಸುತ್ತಿತ್ತು. ಪರದೆಯಲ್ಲಿ ನೋಡಿದರೆ ಒಂದೂ ಮಿಸುಕಾಡದು. ಅನುಮಾನ ಹೋದದ್ದು ಗ್ರಾಫಿಕ್ಸ್ ಕಾರ್ಡಿನ ಮೇಲೆ. 'ಹೊಸದರಂತೆಯೇ ಇದೆ' ಎಂದು ಮಾರಿದ ಮಹಾನುಭಾವರ ಕಾರ್ಡಿನಲ್ಲಿ ಒಂದು ಫ್ಯಾನ್ ತಿರುಗುವುದೇ ಇಲ್ಲ. ಕೇಳಿದರೆ, ಇನ್ನೊಂದು ತಿರುಗುತ್ತಿದೆಯಲ್ಲ ಎಂಬ ಉತ್ತರ! ಆದರೆ ಈ ಸಲ ಅದು ನಿರಪರಾಧಿ.

ಒಂದೇ ಒಂದು ದುಂಡು ಕೋಶವನ್ನಿಟ್ಟು ಅಳೆದೆ. ವೃತ್ತಕ್ಕೆ 3.54 ಬರಬೇಕು, ಬಂದದ್ದು 4.51. ಪಿಕ್ಸೆಲ್ ಅಂಚುಗಳನ್ನು ಎಣಿಸುತ್ತಾ ಹೋದರೆ ವೃತ್ತದ ಸುತ್ತಳತೆ ಅದನ್ನು ಆವರಿಸಿದ ಚೌಕದಷ್ಟೇ ಆಗುತ್ತದೆ. ಪಿಕ್ಸೆಲ್ ಎಷ್ಟು ಸಣ್ಣದಾದರೂ ಮೆಟ್ಟಿಲು ಮೆಟ್ಟಿಲೇ. ಸಾಲದ್ದಕ್ಕೆ, ಓರೆ ಗಡಿಗೆ ದುಬಾರಿ ಶಕ್ತಿ, ನೇರ ಗಡಿಗೆ ರಿಯಾಯಿತಿ. ಹಾಗಾಗಿ ಕೋಶಗಳು ಚೌಕಾಕಾರ ತಳೆದು ಗ್ರಿಡ್ಡಿಗೇ ಕಚ್ಚಿಕೊಂಡಿದ್ದವು. ಪ್ರತಿ ಪಿಕ್ಸೆಲ್ಲಿಗೂ 4 ನೆರೆಯ ಪಿಕ್ಸೆಲ್‌ಗಳ ಬದಲು 20 ನೆರೆಯ ಪಿಕ್ಸೆಲ್‌ಗಳನ್ನು ಎಣಿಸಿ, ವೃತ್ತಕ್ಕೆ ಸರಿತೂಗುವ ಗುಣಕದಿಂದ ಭಾಗಿಸಿದೆ. ಈಗ ಕೋಶದ ಆಕಾರದ ಆ ಸಂಖ್ಯೆಗೆ ಗುರಿ 3.7 ಇಟ್ಟರೆ ಗಡ್ಡೆ ಅಲುಗಾಡದು, 4.0 ಇಟ್ಟರೆ ಅಂಚಿನ ಕೋಶಗಳು ನೀಳವಾಗಿ, ಒಂದರ ಬೆನ್ನಿಗೊಂದು ಸಾಲುಗಟ್ಟಿ ಹೊರಡುತ್ತವೆ. ನಿಲ್ಲುವುದಕ್ಕೂ ಹರಿಯುವುದಕ್ಕೂ ನಡುವಿನ ಗಡಿ ಕರಾರುವಾಕ್ಕಾಗಿ 3.81ರಲ್ಲೇ ಬೀಳುವುದಿಲ್ಲ, ಮಾದರಿಯಲ್ಲಿ ಉಷ್ಣತೆಯ ನಡುಗಾಟ, ಅಂದರೆ ಕೋಶದ ಅಂಚುಗಳ ಗೊತ್ತುಗುರಿಯಿಲ್ಲದ ಅಲುಗಾಟ, ಇರುವಾಗ ಹಾಗೆ ನಿರೀಕ್ಷಿಸುವುದೂ ತಪ್ಪು.

ಮುಂದಿನ ಹುಚ್ಚು ಆಗಲೇ ಹಿಡಿದಿದೆ. 1997ರಲ್ಲಿ ಸಂಶೋಧಕರು ಗಡ್ಡೆಕೋಶಗಳ ಉಂಡೆಗಳನ್ನು ಅಗರೋಸ್ ಎಂಬ ಕಡಲಪಾಚಿ ಮೂಲದ ಜೆಲ್ಲಿನಲ್ಲಿ ಬೆಳೆಸಿದ್ದರು. ಜೆಲ್ಲಿನ ಒತ್ತಡ ಏರಿದಂತೆ ಬೆಳವಣಿಗೆ ಕುಂಠಿತವಾಯಿತು, ಒತ್ತಡ ಇಳಿಸಿದರೆ ಮತ್ತೆ ಶುರುವಾಯಿತು. ಅದನ್ನು ನನ್ನ ಮಾದರಿಯಲ್ಲಿ ತೋರಿಸಲು ಗ್ರಿಡ್ಡಿನ ಸುತ್ತ ಸ್ಪ್ರಿಂಗ್ ಜಾಲ ಹೆಣೆಯಬೇಕು. ಮಾದರಿಗೆ ಆಮ್ಲಜನಕದ ಪದರ ಸೇರಿಸುವ ಕೆಲಸ ಅಲ್ಲಿಯವರೆಗೆ ಕಾಯಲಿ.