ಅಮ್ಮನಿಗಾಗಿ ಕನ್ನಡ ಪಾಸ್‌ವರ್ಡ್ ಪಟ್ಟಿ: ಕೆಲಸ ಎಲ್ಲಿಗೆ ಬಂತು

ದಾಳ ಹಾಕಿ ಪಾಸ್‌ವರ್ಡ್ ಮಾಡುವ ಕನ್ನಡ ಪದಪಟ್ಟಿ ಅರ್ಧ ದಾಟಿದೆ. ಒಟ್ಟು 1296 ಪದ ಬೇಕು. ನಾಲ್ಕು ದಾಳ ಹಾಕಿದರೆ ಬೀಳಬಹುದಾದ ಸಂಖ್ಯೆಗಳು ಅಷ್ಟೇ, 6 × 6 × 6 × 6. ಒಂದೊಂದಕ್ಕೂ ಒಂದು ಪದ. ದಾಳ ಹಾಕಿ, ಬಿದ್ದ ಸಂಖ್ಯೆಯ ಪದ ತೆಗೆದುಕೊಳ್ಳುವುದು, ಹೀಗೇ ಕೆಲವು ಪದ ಜೋಡಿಸಿದರೆ ಪಾಸ್‌ವರ್ಡ್.

ಉಪಾಯ ಹಳೆಯದು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಇದನ್ನು ಡೈಸ್‌ವೇರ್ ಎಂಬ ಹೆಸರಲ್ಲಿ ಶುರು ಮಾಡಿದರು. 2016ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಇನ್ನೂ ಸುಲಭದ ಇಂಗ್ಲಿಷ್ ಪಟ್ಟಿಗಳನ್ನು ಕೊಟ್ಟಿತು. ನಾನು ಅದನ್ನೇ ಬಳಸುತ್ತೇನೆ. ಆದರೆ ಅಮ್ಮನಿಗೆ ಆ ಪದಗಳು ನೆನಪಲ್ಲಿ ನಿಲ್ಲುವುದಿಲ್ಲ. ನೆನಪಲ್ಲಿ ನಿಲ್ಲದಿದ್ದರೆ ಯಾರಾದರೂ ಏನು ಮಾಡ್ತಾರೆ? ಮಕ್ಕಳ ಹೆಸರು ಹಾಕಿ, ಮುಂದೆ ಹುಟ್ಟಿದ ವರ್ಷ ಸೇರಿಸ್ತಾರೆ. ಪಾಸ್‌ವರ್ಡ್ ಕದಿಯುವವರು ಮೊದಲು ಹಾಕಿ ನೋಡುವುದೂ ಅದನ್ನೇ.

ಕನ್ನಡ ಪದಗಳನ್ನೇ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದು ಅಂತ ತೀರ್ಮಾನ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಕೀಬೋರ್ಡ್ ಸಿಗುತ್ತೆ ಅನ್ನುವ ಹಾಗಿಲ್ಲವಲ್ಲ. ಹೆಚ್ಚು ಹೊತ್ತು ಹಿಡಿದಿದ್ದು ಇಲ್ಲೇ. ಬಳೆ, ಬಲೆ, ಬಾಳೆ ಮೂರನ್ನೂ ಇಂಗ್ಲಿಷಿನಲ್ಲಿ ಬರೆದರೆ ಒಂದೇ (bale) ಆಗಿಬಿಡಬಹುದು. ಮನೆ, ಮಣೆಯೂ ಅಷ್ಟೇ. ಅಂಥವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡೆ. ಇಲ್ಲದಿದ್ದರೆ ಪಟ್ಟಿಯಲ್ಲಿ ಪದ ಜಾಸ್ತಿ ಕಂಡರೂ ನಿಜವಾದ ಲೆಕ್ಕ ಕಮ್ಮಿಯಾಗುತ್ತೆ.

ಇನ್ನೊಂದು ತೊಡಕು, ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಈ ವಾರ ನಾನು ಪದ ಓದಿದೆ, ಅಮ್ಮ, ಅಪ್ಪ, ತಂಗಿ ಅವರವರ ಫೋನಿನಲ್ಲಿ ಟೈಪ್ ಮಾಡಿದರು. ಮೂವರದ್ದೂ ಒಂದೇ ಬಂದರೆ ಪದ ಪಾಸ್. ಹೂವು ಹೋಯ್ತು, ಸುತ್ತಿಗೆ ಹೋಯ್ತು. ತ, ದ ಬರುವ ಪದಗಳು ಹೆಚ್ಚಿನವು ಹೋದವು, ಯಾಕೆಂದರೆ ಅಮ್ಮ ಪಕ್ಕದಲ್ಲಿ ಎಚ್ ಸೇರಿಸ್ತಾರೆ, ತಂಗಿ ಸೇರಿಸಲ್ಲ. ದೀರ್ಘ ಸ್ವರದ್ದೂ ಇದೇ ಕಥೆ. ಗುಬ್ಬಿ, ನರಿ, ಕಂಬ, ಬೆಂಕಿ ಉಳಿದವು.

ಎಷ್ಟು ಪದ ಸಾಕು? ಪಟ್ಟಿ ಕಳ್ಳನ ಕೈಯಲ್ಲೂ ಇದೆ ಅಂತಲೇ ಲೆಕ್ಕ ಹಾಕಬೇಕು. ಅವನ ಯಂತ್ರ ಸೆಕೆಂಡಿಗೆ ಒಂದು ಲಕ್ಷ ಕೋಟಿ ಊಹೆ ಮಾಡುತ್ತೆ ಅಂದುಕೊಳ್ಳಿ. ಐದು ಪದದ ಎಲ್ಲ ಜೋಡಣೆಗಳೂ ಸುಮಾರು ಒಂದು ಗಂಟೆಯಲ್ಲಿ ಮುಗಿದುಹೋಗುತ್ತವೆ. ಆರು ಪದಕ್ಕೆ 55 ದಿನ. ಏಳಕ್ಕೆ 190 ವರ್ಷಕ್ಕಿಂತ ಜಾಸ್ತಿ! ಒಂದೊಂದು ಪದ ಸೇರಿಸಿದಾಗಲೂ ಕಳ್ಳನ ಕೆಲಸ 1296 ಪಟ್ಟು ಆಗುತ್ತೆ. ಹಾಗಾಗಿ ಏಳು ಅಂತ ಗಟ್ಟಿ ಮಾಡಿದ್ದೇನೆ.

ಅಭ್ಯಾಸಕ್ಕೆ ಅಂತ ಒಮ್ಮೆ ದಾಳ ಹಾಕಿದೆವು. ಬಂದಿದ್ದು: ಗುಬ್ಬಿ ಕಂಬ ಚಮಚ ನರಿ ಬೆಂಕಿ ಕಿವಿ ಮಂಜು.

"ಕಂಬದ ಪಕ್ಕ ಚಮಚ ಯಾಕೋ? ಬೇರೆ ಏನಾದ್ರೂ ಹಾಕು," ಅಂದರು ಅಮ್ಮ.

"ಬೇಡಮ್ಮ, ದಾಳ ಕೊಟ್ಟಿದ್ದೇ ಇರಲಿ."

ಇದರಲ್ಲಿ ನಾನು ಬಿಲ್ಕುಲ್ ಬಿಟ್ಟುಕೊಡಲ್ಲ. ಇಷ್ಟವಾದದ್ದನ್ನು ಇಟ್ಟು ಉಳಿದದ್ದನ್ನು ಬದಲಿಸುತ್ತಾ ಹೋದರೆ ಮೇಲಿನ ಲೆಕ್ಕವೆಲ್ಲ ಸುಳ್ಳಾಗುತ್ತೆ. ಸ್ವಲ್ಪ ಹೊತ್ತಿಗೆ ಅಮ್ಮನೇ ಒಂದು ಕಥೆ ಕಟ್ಟಿದರು. ಕಂಬದ ಮೇಲೆ ಕೂತ ಗುಬ್ಬಿ ಚಮಚ ಬೀಳಿಸಿತು, ನರಿ ಎತ್ತಿಕೊಂಡು ಓಡಿತು... ಮರುದಿನ ಕೇಳಿದಾಗ ಏಳೂ ಪದ ಕ್ರಮವಾಗಿ ಹೇಳಿದರು. ನನಗಂತೂ ತುಂಬಾ ಖುಷಿಯಾಯ್ತು. ಇಲ್ಲಿ ಬರೆದಿರುವುದರಿಂದ ಆ ಪಾಸ್‌ವರ್ಡನ್ನು ಎಲ್ಲೂ ಬಳಸಲ್ಲ, ನೀವೂ ಬಳಸಬೇಡಿ.

ಇಂಥ ಪಾಸ್‌ವರ್ಡ್ ಬೇಕಾಗುವುದು ಎರಡು ಮೂರು ಕಡೆ ಮಾತ್ರ: ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ಆ್ಯಪ್), ಮುಖ್ಯ ಇಮೇಲ್, ಲ್ಯಾಪ್‌ಟಾಪ್. ಉಳಿದ ಖಾತೆಗಳಿಗೆ ಮ್ಯಾನೇಜರೇ ಉದ್ದುದ್ದ ಪಾಸ್‌ವರ್ಡ್ ಮಾಡಿಕೊಡುತ್ತೆ, ಅವನ್ನು ಯಾರೂ ನೆನಪಿಡಬೇಕಿಲ್ಲ. ಇಮೇಲ್ ಮಾತ್ರ ಬಿಡುವ ಹಾಗೇ ಇಲ್ಲ. 'ಪಾಸ್‌ವರ್ಡ್ ಮರೆತಿರಾ' ಒತ್ತಿದರೆ ಬೇರೆ ಖಾತೆಗಳ ಲಿಂಕ್ ಬರುವುದು ಅಲ್ಲಿಗೇ ಅಲ್ವಾ.

ಮುಂದಿನ ಕೆಲಸ: ಪ್ರಾಣಿ, ಪಕ್ಷಿ, ಮನೆಯ ಸಾಮಾನು ಮುಗಿಯುತ್ತಾ ಬಂದಿವೆ, ಇನ್ನು ಓಡು, ನಗು ಥರದ ಕ್ರಿಯಾಪದಗಳಿಗೆ ಕೈ ಹಾಕಬೇಕು. ಓಡು ದೀರ್ಘ ಸ್ವರದ್ದು, ಪರೀಕ್ಷೆಯಲ್ಲಿ ಬೀಳುತ್ತೇನೋ. ನಗು ಪಾಸಾಗುತ್ತೆ ಅನ್ನಿಸುತ್ತೆ.