ಜೋಗಕ್ಕೆ ಹೋಗುವ ದಾರಿಯಲ್ಲಿ ಸಾಗರದ ಗುಡಿಗಾರರ ಕೆತ್ತನೆ ನೋಡಿ ಬನ್ನಿ

ಜೋಗಕ್ಕೆ ಹೋಗುವವರಲ್ಲಿ ಹೆಚ್ಚಿನವರು ಸಾಗರದಲ್ಲಿ ಒಂದು ಕಾಫಿ ಕುಡಿದು ಮುಂದೆ ಹೋಗಿಬಿಡುತ್ತಾರೆ. ಮರದ ಕೆಲಸದಲ್ಲಿ ಸ್ವಲ್ಪವಾದರೂ ಆಸಕ್ತಿ ಇದ್ದರೆ ಹಾಗೆ ಮಾಡಬೇಡಿ. ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರ ಸಮುದಾಯದವರು ಇರುವುದು ಇದೇ ಸಾಗರ, ಸೊರಬದ ಕಡೆ. ಸರ್ಕಾರದ ಕರಕುಶಲ ಮಳಿಗೆ ಕಾವೇರಿ ಎಂಪೋರಿಯಂನ ಗಾಜಿನ ಕಪಾಟಿನಲ್ಲಿ ನೋಡುತ್ತೇವಲ್ಲ, ಆ ಗಣಪತಿ, ಆನೆ, ಪೆಟ್ಟಿಗೆಗಳು ಹೇಗೆ ಆಗುತ್ತವೆ ಅಂತ ಇಲ್ಲಿ ಕೆಲಸದವರ ಪಕ್ಕದಲ್ಲೇ ಕೂತು ನೋಡಬಹುದು. ಈ ಪ್ರವಾಸದಲ್ಲಿ ನನಗೆ ಜೋಗಕ್ಕಿಂತ ಜಾಸ್ತಿ ಹಿಡಿಸಿದ್ದು ಇದು.

ಬೆಂಗಳೂರು, ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹತ್ತಿ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಿರಿ. ಶಿವಮೊಗ್ಗದಿಂದ ಬಸ್ಸೂ ಬೇಕಾದಷ್ಟಿವೆ. ಜೋಗ ಇಲ್ಲಿಂದ ಸುಮಾರು 30 ಕಿ.ಮೀ. ಬೆಳಗ್ಗೆ ಕೆತ್ತನೆ, ಮಧ್ಯಾಹ್ನದ ಮೇಲೆ ಜೋಗ ಅಂತ ಇಟ್ಟುಕೊಂಡರೆ ಆರಾಮ. ತಿರುಗಿಸಿ ಮಾಡಿದರೆ ಸಂಜೆ ಹೊತ್ತಿಗೆ ನೀವೂ ಸುಸ್ತು, ಕೆಲಸದವರೂ ಉಳಿ ಕೆಳಗಿಟ್ಟಿರುತ್ತಾರೆ.

ಕೆತ್ತನೆ ನಡೆಯುವ ಇವು ಟಿಕೆಟ್ ಕೊಟ್ಟು ನೋಡುವ ಜಾಗಗಳಲ್ಲ, ಗುಡಿಗಾರರ ಮನೆಗಳು. ಪೇಟೆಯಲ್ಲಿ ವಿಚಾರಿಸಿ, ಮೊದಲೇ ಫೋನ್ ಮಾಡಿ, ಬರಬಹುದಾ ಅಂತ ಕೇಳಿಕೊಂಡು ಹೋಗಿ. ಇಬ್ಬರೋ ಮೂವರೋ ಇದ್ದರೆ ಸರಿ. ದೊಡ್ಡ ಗುಂಪಾದರೆ ಕೂರಲು ಜಾಗವೇ ಇರುವುದಿಲ್ಲ. ನಾವು ಹೋದ ಮನೆಯಲ್ಲಿ ಜಗಲಿಯೇ ಕಾರ್ಖಾನೆ. ತಂದೆ, ಇಬ್ಬರು ಮಕ್ಕಳು ಕೆಳಗೆ ಕೂತು ಕೆತ್ತುತ್ತಿದ್ದರು. ಒಳಗೆ ಹೆಂಗಸರು ಗಂಧದ ತೆಳು ಹೆರೆಯನ್ನು ಸುತ್ತಿ ಹಾರ ಕಟ್ಟುತ್ತಿದ್ದರು. ನಾವು ಸನ್ಮಾನಕ್ಕೆ ಹಾಕುವ ಗಂಧದ ಹಾರ ಇದೇ. ಗುಡಿಗಾರರ ಹೆಂಗಸರು ಬೆಂಡಿನಲ್ಲಿ ಬಾಸಿಂಗ ಮಾಡುವುದರಲ್ಲೂ ಎತ್ತಿದ ಕೈ.

ಹಿರಿಯರ ಕೈಯಲ್ಲಿದ್ದದ್ದು ಗೇಣುದ್ದದ ಕೃಷ್ಣ. ಮೈಯ ಒರಟು ಆಕಾರ ಆಗಲೇ ಬಂದಿತ್ತು. ಅಲ್ಲಿಯವರೆಗಿನ ಕೆಲಸಕ್ಕೆ ದೊಡ್ಡ ಉಳಿ, ಮರದ ಕೊಡತಿ. ಬಳ್ಳಿ, ಬೆರಳು, ಆಭರಣದ ಕೆಲಸ ಶುರುವಾದ ಮೇಲೆ ಕೊಡತಿ ಪಕ್ಕಕ್ಕೆ ಹೋಯಿತು. ಕಡ್ಡಿಯಷ್ಟು ಸಪೂರದ ಉಳಿಯನ್ನು ಅಂಗೈಯಲ್ಲಿ ಒತ್ತಿ, ಇನ್ನೊಂದು ಕೈಯ ಹೆಬ್ಬೆರಳನ್ನು ಅಲಗಿಗೆ ತಡೆ ಕೊಟ್ಟು, ಕೂದಲೆಳೆಯಷ್ಟು ಮರ ತೆಗೆಯುತ್ತಿದ್ದರು. ಕೊಳಲು ಹಿಡಿದ ಬೆರಳುಗಳ ನಡುವೆ ಬೆಳಕು ಹಾಯಬೇಕು. ಅಲ್ಲಿ ಉಳಿ ಒಂದು ಚೂರು ಜಾರಿದರೂ ಬೆರಳೇ ಹೋಯಿತು. "ಮರದ ನಾರು ಯಾವ ಕಡೆ ಓಡುತ್ತದೆ ಅಂತ ನೋಡಿಕೊಳ್ಳಬೇಕು ತಂಗಿ, ಎದುರು ಹೊಡೆದರೆ ಚಕ್ಕೆ ಏಳುತ್ತದೆ" ಅಂದರು. ಆಗಾಗ ಉಳಿಯನ್ನು ಸಾಣೆಕಲ್ಲಿಗೆ ತಿಕ್ಕುತ್ತಿದ್ದರು. ಆ ಹೊತ್ತಿನಲ್ಲೇ ಪ್ರಶ್ನೆ ಕೇಳಿ. ಉಳಿ ಮರದ ಮೇಲಿದ್ದಾಗ ಸುಮ್ನೆ ನೋಡಿ, ಫ್ಲಾಶ್ ಹಾಕಿ ಫೋಟೋ ತೆಗೆಯಬೇಡಿ. ಹೊಸ ವಿನ್ಯಾಸ ಗೀಚಿಟ್ಟ ಕಾಗದಗಳಿದ್ದರೆ ಅವುಗಳ ಫೋಟೋ ಕೇಳದೆ ತೆಗೆಯುವುದು ಖಂಡಿತ ಸರಿಯಲ್ಲ. ಅದು ಅವರ ಅನ್ನ.

ಗಂಧದ ಮರ ಅಂದರೆ ಇಡೀ ಮರ ಗಂಧವಲ್ಲ. ಹೊರಗಿನ ಬಿಳಿ ಭಾಗಕ್ಕೆ ಪರಿಮಳ ಇಲ್ಲ. ಒಳಗಿನ ಚೇಗು ಮಾತ್ರ ಪರಿಮಳದ್ದು, ಬಣ್ಣ ಹಳದಿ ಕಂದು. ಅದು ಬಲಿಯಲು ವರ್ಷಗಟ್ಟಲೆ ಬೇಕು. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯ ನಂತರ ನಮ್ಮ ಜಮೀನಿನಲ್ಲಿ ಬೆಳೆದ ಗಂಧ ನಮ್ಮದೇ ಆದರೂ, ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಕೆತ್ತುವವರಿಗೆ ಮರ ಸಿಗುವುದೇ ಕಷ್ಟ, ಸಿಕ್ಕರೆ ದುಬಾರಿ. ಉದುರಿದ ಪುಡಿಯನ್ನೂ ಗೋಣಿ ಹಾಸಿ ಕೂಡಿಡುತ್ತಾರೆ. "ಒಂದು ಚೂರು ಕೊಡಿ, ನೆನಪಿಗೆ ಇಟ್ಟುಕೊಳ್ತೀವಿ" ಅಂತ ದಯವಿಟ್ಟು ಕೇಳಬೇಡಿ.

ಈಗ ಕೆತ್ತನೆ ಬಹಳಷ್ಟು ನಡೆಯುವುದು ಶಿವನೆ ಮರದಲ್ಲಿ. ಹಗುರ, ಉಳಿಗೆ ಚೆನ್ನಾಗಿ ಬಗ್ಗುತ್ತದೆ, ದೇವರ ಮೂರ್ತಿಗೂ ಆಗುತ್ತದೆ. ನನ್ನ ಸಲಹೆ ಕೇಳಿದರೆ ಮೊದಲ ಸಲ ಹೋದವರು ಶಿವನೆಯದ್ದನ್ನೇ ಕೊಳ್ಳಿ. ಗಂಧದ ಬೆರಳುದ್ದದ ಗೊಂಬೆಯ ಬೆಲೆಗೆ ಶಿವನೆಯಲ್ಲಿ ಒಳ್ಳೆ ಕೈಚಳಕದ ದೊಡ್ಡ ಮೂರ್ತಿಯೇ ಬರುತ್ತದೆ. ಗಂಧವೇ ಬೇಕು ಅಂದರೆ ಬಿಲ್ ಇಲ್ಲದೆ ಕೊಳ್ಳಬೇಡಿ, ಆ ಬಿಲ್ಲನ್ನು ವಸ್ತುವಿನ ಜೊತೆಗೇ ಇಟ್ಟುಕೊಳ್ಳಿ. ಪ್ರವಾಸಿ ತಾಣಗಳ ಬೀದಿಬದಿಯಲ್ಲಿ ಗಂಧ ಅಂತ ಮಾರುವ ಎಷ್ಟೋ ಗೊಂಬೆಗಳು ಬೇರೆ ಮರಕ್ಕೆ ಸೆಂಟ್ ಹಚ್ಚಿದವು. ಮೂಗಿಗೆ ರಪ್ಪನೆ ಹೊಡೆಯುವ ವಾಸನೆ ಇದ್ದರೆ ಅನುಮಾನ ಪಡಿ. ನಿಜವಾದ ಗಂಧದ ಪರಿಮಳ ತಣ್ಣಗಿರುತ್ತದೆ, ಮರವೂ ಕೈಗೆ ಭಾರ.

ಚೌಕಾಸಿ ಬಗ್ಗೆ ಒಂದು ಮಾತು. ವಾರಗಟ್ಟಲೆ ಕೂತು ಮಾಡಿದ ಕೆಲಸಕ್ಕೆ "ಅರ್ಧಕ್ಕೆ ಕೊಡ್ತೀರಾ" ಅಂತ ಕೇಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಚಿಕ್ಕದನ್ನು ಕೊಳ್ಳಿ.

ಇನ್ನೂ ಸಮಯ ಇದ್ದರೆ ಸಾಗರದಿಂದ ಸುಮಾರು 8 ಕಿ.ಮೀ. ದೂರದ ಕೆಳದಿಗೆ ಹೋಗಿ. ರಾಮೇಶ್ವರ ದೇವಸ್ಥಾನದ ಆವರಣದ ಪಾರ್ವತಿ ಗುಡಿಯಲ್ಲಿ ತಲೆ ಎತ್ತಿದರೆ ಮರದ ಕೆತ್ತನೆಯ ಚಾವಣಿ ಕಾಣುತ್ತದೆ. ಉಳಿ ಓಡುವುದನ್ನು ನೋಡಿ ಬಂದ ಕಣ್ಣಿಗೆ ಅದರ ಹೂಬಳ್ಳಿಗಳ ಕಷ್ಟ ಚೆನ್ನಾಗಿ ಗೊತ್ತಾಗುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಸಾಗರದಿಂದ ಇನ್ನೊಂದು ದಿಕ್ಕಿಗೆ ಸುಮಾರು 6 ಕಿ.ಮೀ. ಅಲ್ಲಿ ಎಲ್ಲ ಕಲ್ಲು.

ಮನೆಯ ಗೃಹಪ್ರವೇಶಕ್ಕೋ ಮದುವೆಗೋ ಏನಾದರೂ ಮಾಡಿಸಬೇಕೆಂದರೆ ತಿಂಗಳುಗಳ ಮೊದಲೇ ಹೇಳಿ, ಮುಂಗಡ ಕೊಟ್ಟು ಬನ್ನಿ. ಅಳತೆ, ಮರ, ತಲುಪಿಸುವ ದಿನ ಮೂರನ್ನೂ ಬರೆಸಿಕೊಳ್ಳಿ. ತಂದ ಮೂರ್ತಿಗೆ ನೀರು, ಎಣ್ಣೆ ತಾಗಿಸಬೇಡಿ. ಬಿಸಿಲು ಬೀಳದ ಕಡೆ ಇಟ್ಟು, ಸಂದಿಯ ಧೂಳನ್ನು ಮೆತ್ತನೆಯ ಒಣ ಬ್ರಶ್ಶಿನಲ್ಲಿ ತೆಗೆದರೆ ಸಾಕು.